ಮೂರು ದಿಂಬಿನವರು

ನನ್ನ ಅಕ್ಕ ಒಳ್ಳೆಯವಳು. ಆಸ್ಪತ್ರೆಯಲ್ಲಿ ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆ ಒಳ್ಳೆಯತನದಿಂದ ಎಷ್ಟು ಜನ ಉಳಿದರು, ಏನು ಹಾಳಾಯಿತು ಎಂಬ ಲೆಕ್ಕ ನನ್ನೊಬ್ಬನ ಹತ್ತಿರ ಇದೆ. ಆ ಲೆಕ್ಕವನ್ನು ಯಾರೂ ನಂಬುವ ಹಾಗಿಲ್ಲ. ಬರೆದ ನಾನೂ ನಂಬುವ ಹಾಗಿಲ್ಲ.

ನಾನು ಅದೇ ಆಸ್ಪತ್ರೆಯ ಸಂಖ್ಯಾಶಾಸ್ತ್ರ ವಿಭಾಗದಲ್ಲಿದ್ದೇನೆ. ವಿಭಾಗ ಎಂದರೆ ನೆಲಮಾಳಿಗೆಯ ಒಂದು ಕೋಣೆ, ಎರಡು ಮೇಜು, ಫೈಲು ತುಂಬಿದ ಕಬ್ಬಿಣದ ಬೀರು ಮತ್ತು ನಾನು. ಹೊಸ ಔಷಧಿ ಬಂದಾಗ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಪ್ರಯೋಗ ನಡೆಸುತ್ತಾರಲ್ಲ, ಅದು ಹೇಗೆ ನಡೆಯಬೇಕೆಂದು ರೂಪಿಸಿಕೊಡುವುದು ನನ್ನ ಕೆಲಸ. ಯಾವ ರೋಗಿಗೆ ಹೊಸ ಔಷಧಿ, ಯಾರಿಗೆ ಮಾಮೂಲಿ ಚಿಕಿತ್ಸೆ ಎಂಬುದನ್ನು ಡಾಕ್ಟರೂ ಆರಿಸಬಾರದು, ನರ್ಸೂ ಆರಿಸಬಾರದು. ಚೀಟಿ ಆರಿಸಬೇಕು. ಆ ಚೀಟಿ ಬರೆಯುವವನು ನಾನಾದ್ದರಿಂದ ವಾರ್ಡುಗಳಲ್ಲಿ ನನಗೆ ಚೀಟಿ ಮೇಷ್ಟ್ರು ಎಂದು ಹೆಸರು ಬಿದ್ದಿದೆ.

ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಹೊಸದಾಗಿ ಬರುವ ಡಾಕ್ಟರುಗಳಿಗೆ ಪಾಠ ಮಾಡುವಾಗ ನಾನು ಈ ಮಾತಿಗೆ ಒಂದು ಬಾಲ ಸೇರಿಸುತ್ತಿದ್ದೆ. ಸಾಕು, ಆದರೆ ಮೊದಲು ಪಾತ್ರೆಯನ್ನು ತಳದಿಂದ ಮಗುಚಿರಬೇಕು, ಇಲ್ಲದಿದ್ದರೆ ಮೇಲಿನ ಅಗುಳಿಗೆ ತಳದ ಸುದ್ದಿ ಗೊತ್ತಿರುವುದಿಲ್ಲ. ಚೀಟಿ ಎತ್ತುವುದೆಂದರೆ ಹಾಗೆ ಮಗುಚುವುದು. ಚೆನ್ನಾಗಿ ಮಗುಚಿದರೆ ವಯಸ್ಸಾದವರು, ಬಡವರು, ತೀರಾ ನರಳುವವರು, ಸ್ವಲ್ಪ ನರಳುವವರು, ಎಲ್ಲರೂ ಎರಡೂ ಕಡೆಗೆ ತಾವಾಗಿಯೇ ಸಮನಾಗಿ ಹಂಚಿಹೋಗುತ್ತಾರೆ. ಇದನ್ನು ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ದೇವರಿಗೂ ಮಾಡಲಾಗದ ನ್ಯಾಯವನ್ನು ನಾನು ಕತ್ತರಿ, ಗೋಂದು ಇಟ್ಟುಕೊಂಡು ಮಾಡುತ್ತಿದ್ದೇನೆ ಎಂಬ ಹಮ್ಮು.

ಆರು ವರ್ಷದ ಹಿಂದೆ ಹೃದಯದ ವಾರ್ಡಿಗೆ ಒಂದು ಔಷಧಿ ಬಂತು. ಹೃದಯ ಹಿಗ್ಗಿ, ಸಡಿಲವಾಗಿ, ರಕ್ತವನ್ನು ನೂಕಲಾರದೆ ಸೋಲುವ ಕಾಯಿಲೆಗೆ ಅದು. ನಮ್ಮಮ್ಮ ಸತ್ತದ್ದು ಇದೇ ಕಾಯಿಲೆಯಲ್ಲಿ. ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ಅಮ್ಮನ ಹಾಸಿಗೆ ಪಕ್ಕ ಕೂತು ಕೂತೇ ಅವಳು ನರ್ಸ್ ಆಗಬೇಕೆಂದು ತೀರ್ಮಾನಿಸಿದಳು. ಆದಳು. ಮದುವೆ ಆಗಲಿಲ್ಲ. ನನ್ನನ್ನು ಓದಿಸಿದಳು. ಔಷಧಿ ಬಂದಾಗ ಆ ವಾರ್ಡಿನ ಹೆಡ್ ನರ್ಸ್ ಅವಳೇ.

ಆ ಕಾಯಿಲೆಯವರು ಮಟ್ಟಸವಾಗಿ ಮಲಗಲಾರರು. ಮಲಗಿದರೆ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಏರಿಸಬೇಕು. ಕಾಯಿಲೆ ಏರಿದಂತೆ ದಿಂಬೂ ಏರುತ್ತದೆ. ಡಾಕ್ಟರು ಯಂತ್ರ ನೋಡಿ ಹೇಳುವುದನ್ನು ನರ್ಸುಗಳು ದಿಂಬು ಎಣಿಸಿ ಹೇಳುತ್ತಿದ್ದರು. ಒಂದು ದಿಂಬಿನವರು ಕಾರಿಡಾರಿನಲ್ಲಿ ಓಡಾಡುತ್ತಾರೆ, ಎರಡು ದಿಂಬಿನವರು ಸ್ನಾನಕ್ಕೆ ಆಸರೆ ಕೇಳುತ್ತಾರೆ, ಮೂರು ದಿಂಬಿನವರ ಮನೆಯವರಿಗೆ ಹೇಳಿಕಳಿಸಬೇಕು. ಮಂಚದ ಕಾಲ್ದೆಸೆಗೆ ನೇತುಹಾಕಿದ ಹಾಳೆಯಲ್ಲಿ ಜ್ವರ, ನಾಡಿಯ ಕೆಳಗೆ ದಿಂಬಿಗೂ ಒಂದು ಕಾಲಂ ಇತ್ತು.

ಪ್ರಯೋಗಕ್ಕೆಂದು ಆ ಹಾಳೆ ತೆಗೆಸಿ ನಾನು ನನ್ನದೇ ಒಂದು ಫಾರಂ ಮಾಡಿದೆ. ಒಂದೇ ಪುಟ, ಅಚ್ಚುಕಟ್ಟು. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ದಿಂಬಿನ ಕಾಲಂ ಎಲ್ಲೋ?"

"ಬೇಡ ಅಕ್ಕ ಅದು. ಒಬ್ಬೊಬ್ಬ ನರ್ಸ್ ಒಂದೊಂದು ಥರ ಎಣಿಸ್ತೀರ. ಅದೇನು ಅಳತೆನಾ?"

"ಮತ್ತೆ ಯಾರಿಗೆ ಎಷ್ಟು ಜೋರಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗೋದು ಬೇಕಾಗಿಲ್ಲ. ಚೀಟಿ ಎತ್ತಿದ ಮೇಲೆ ಎರಡೂ ಕಡೆ ಸಮ ಇರ್ತಾರೆ. ಅದಕ್ಕೇ ಚೀಟಿ ಇರೋದು."

"ಓದಿದವನು ನೀನು," ಎಂದು ಅವಳು ಫಾರಂ ಮಡಚಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ನೂರ ಅರವತ್ತು ಲಕೋಟೆ ಮಾಡಿದೆ. ಪ್ರತಿಯೊಂದರ ಮೇಲೂ ಕ್ರಮಸಂಖ್ಯೆ, ಒಳಗೆ ಒಂದು ಚೀಟಿ. ಪ್ರತಿ ನಾಲ್ಕರಲ್ಲಿ ಎರಡು "ಔಷಧಿ", ಎರಡು "ಮಾಮೂಲಿ", ಯಾವುದು ಯಾವುದರ ಹಿಂದೆ ಎಂಬುದು ನನಗೆ ಮಾತ್ರ ಗೊತ್ತು. ಚೀಟಿಗೆ ಕಪ್ಪು ಕಾಗದ ಸುತ್ತಬೇಕೆಂಬುದು ನಿಯಮ. ಸ್ಟೋರಿನಲ್ಲಿ ಕಪ್ಪು ಕಾಗದ ಇರಲಿಲ್ಲ, ತರಿಸಲು ಎರಡು ವಾರ ಎಂದರು. ವಾರ್ಡಿನಲ್ಲಿ ಇರುವುದು ನನ್ನ ಅಕ್ಕ ತಾನೆ ಎಂದುಕೊಂಡು ಕಪ್ಪು ಕಾಗದವಿಲ್ಲದೆಯೇ ಅಂಟಿಸಿದೆ. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಡ್ಯೂಟಿ ರೂಮಿನ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಬಂದೆ. ರೋಗಿಯನ್ನು ಸೇರಿಸಿಕೊಂಡಾಗ ಮುಂದಿನ ಲಕೋಟೆಯ ಮೇಲೆ ಹೆಸರು ಬರೆದು, ಆಮೇಲೆ ಒಡೆಯಬೇಕು.

ಎರಡು ವರ್ಷದಲ್ಲಿ ನೂರ ಇಪ್ಪತ್ತು ಜನ ಸೇರಿದರು, ಎರಡೂ ಕಡೆ ಅರವತ್ತರಂತೆ. ಮೂರು ತಿಂಗಳೊಳಗೆ ಸತ್ತವರನ್ನು ಎಣಿಸಿದಾಗ ಮಾಮೂಲಿ ಚಿಕಿತ್ಸೆಯವರಲ್ಲಿ ಹದಿನಾಲ್ಕು, ಔಷಧಿ ಕೊಟ್ಟವರಲ್ಲಿ ಇಪ್ಪತ್ತೊಂಬತ್ತು. ಎರಡರಷ್ಟಕ್ಕಿಂತಲೂ ಹೆಚ್ಚು. ನಾನು ಮೂರು ಸಲ ಕೂಡಿ ನೋಡಿದೆ. ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವ ಸಂಭವ ನೂರರಲ್ಲಿ ಒಂದರಷ್ಟೂ ಇರಲಿಲ್ಲ. ನನ್ನ ವರದಿ ಓದಿದ ದಿನವೇ ಸಮಿತಿ ಪ್ರಯೋಗ ನಿಲ್ಲಿಸಿತು. ತಯಾರಿಸುವವರು ತಯಾರಿಕೆ ನಿಲ್ಲಿಸಿದರು. ಉಳಿದ ಬಾಟಲಿಗಳನ್ನು ಆಸ್ಪತ್ರೆ ಹಿಂದಿನ ಕುಲುಮೆಯಲ್ಲಿ ಸುಟ್ಟಾಗ ಸಾಕ್ಷಿ ಸಹಿ ಹಾಕಿದವನು ನಾನು. ಆಮೇಲೆ ಎರಡು ವರ್ಷ ನಾನು ಕರೆದ ಕಡೆಗೆಲ್ಲ ಹೋಗಿ ಆ ಪ್ರಯೋಗದ ಬಗ್ಗೆ ಭಾಷಣ ಮಾಡಿದೆ. ಎಲ್ಲರೂ ಒಳ್ಳೆಯದೆಂದು ನಂಬಿದ್ದ ಔಷಧಿ ಕೊಲ್ಲುತ್ತಿತ್ತು, ನನ್ನ ಚೀಟಿ ಅದನ್ನು ಹಿಡಿದುಕೊಟ್ಟಿತು ಎಂದೆ. ಜನ ಚಪ್ಪಾಳೆ ತಟ್ಟಿದರು.

ಹೋದ ವರ್ಷ ಅಕ್ಕನ ಪಾದ ಊದಿಕೊಂಡಿತು. ನಿಂತು ನಿಂತು ಹೀಗೆ ಎಂದಳು. ಒಂದು ಬೆಳಗ್ಗೆ ನೆಲಮಾಳಿಗೆಯ ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದವಳು ಐದು ನಿಮಿಷ ಮಾತಾಡಲಿಲ್ಲ. ಉಸಿರು ಬರಲಿ ಎಂದು ಕಾಯುತ್ತಿದ್ದಳು. ಯಂತ್ರದಲ್ಲಿ ಚಿತ್ರ ತೆಗೆಸಿದೆವು. ಅಮ್ಮನ ಹೃದಯವೇ ಅವಳಿಗೂ ಬಂದಿತ್ತು.

ಹೃದಯದ ಡಾಕ್ಟರು ನಮ್ಮಿಬ್ಬರಿಗೂ ಇಪ್ಪತ್ತು ವರ್ಷದ ಪರಿಚಯ. ಸುತ್ತಿ ಬಳಸಿ ಹೇಳಲಿಲ್ಲ. "ನೀರಿಳಿಯೋ ಮಾತ್ರೆ ಕೊಡ್ತೀನಿ ಸಿಸ್ಟರ್. ಬೇರೆ ಹೃದಯ ಹಾಕೋ ವಯಸ್ಸು ದಾಟಿದೆ. ಮಧ್ಯದಲ್ಲಿ ಒಂದು ಆಸೆ ಇತ್ತು, ಅದು ನಿಮ್ಮ ತಮ್ಮನ ಲೆಕ್ಕದಲ್ಲೇ ಬಿದ್ದೋಯ್ತು," ಎಂದರು. ನನ್ನ ಕಡೆ ನೋಡಿ, "ಪುಣ್ಯ ಬಿಡಿ, ಇವರಿಗೂ ಅದನ್ನೇ ಚುಚ್ಚಿ ಇನ್ನೂ ಬೇಗ ಕಳಿಸ್ತಿದ್ವಿ," ಎಂದು ಸೇರಿಸಿದರು.

ಅಕ್ಕ ಮಾತ್ರೆಯ ಚೀಟಿ ಮಡಚಿಕೊಂಡು ಎದ್ದಳು.

ಅವಳನ್ನು ಕ್ವಾರ್ಟರ್ಸಿನಿಂದ ನಮ್ಮ ಮನೆಗೆ ಕರೆತಂದೆವು. ಬೆಳಕು ಬರಲಿ ಎಂದು ಬೀದಿ ಕಡೆಯ ಕೋಣೆಯನ್ನೇ ನನ್ನ ಹೆಂಡತಿ ಬಿಟ್ಟುಕೊಟ್ಟಳು. ಆಗ ಒಂದು ದಿಂಬು ಸಾಕಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ, ನಾನು ಮಾತ್ರೆ ಕೊಡಲು ಹೋದಾಗ, ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಆ ಔಷಧಿ ಎಲ್ಲೂ ಸಿಗಲ್ವೇನೋ ಈಗ?"

"ಯಾವುದು? ಅದಾ? ಅಕ್ಕ, ಅದು ಕೊಲ್ಲುತ್ತೆ."

"ಕೊಲ್ಲಲ್ಲ."

"ಅರವತ್ತರಲ್ಲಿ ಇಪ್ಪತ್ತೊಂಬತ್ತು..."

"ಅವರು ಸಾಯೋರೇ ಆಗಿದ್ರು ಕಣೋ. ಸಾಯೋರಿಗೇ ನಾನು ಕೊಟ್ಟಿದ್ದು."

ನನಗೆ ಅರ್ಥವಾಗಲಿಲ್ಲ. ಅವಳು ಎದುರಿಗಿದ್ದ ಮಾತ್ರೆಯ ಲಕೋಟೆಯನ್ನು ಎತ್ತಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಲಕೋಟೆಯನ್ನು ತೂರಿ ಬಂದು ಒಳಗಿನ ನಾಲ್ಕು ಮಾತ್ರೆಗಳು ನಾಲ್ಕು ಚುಕ್ಕೆಗಳಾಗಿ ಕಂಡವು.

"ಹಿಂಗೆ ಹಿಡಿದರೆ ಓದೋಕಾಗ್ತಿತ್ತು. ಮುಂದಿಂದು ಔಷಧಿ ಅಂತ ಇದ್ದಾಗ ಯಾರಾದ್ರೂ ನಡ್ಕೊಂಡು ಬಂದೋರು ಬಂದ್ರೆ, ಬೆಡ್ ಖಾಲಿ ಇಲ್ಲ, ನಾಳೆ ಬನ್ನಿ ಅಂತಿದ್ದೆ. ತೀರಾ ಆಗ್ದೋರು ಬರೋವರೆಗೂ ಕಾಯ್ತಿದ್ದೆ. ಅವರ ಹೆಸರು ಬರೆದು ಒಡೀತಿದ್ದೆ. ನಂಬರ್ ಮಾತ್ರ ಯಾವತ್ತೂ ಹಿಂದೆ ಮುಂದೆ ಮಾಡಿಲ್ಲ, ನಿನ್ನಾಣೆ."

"ಎಷ್ಟು ಜನಕ್ಕೆ?"

"ಆದಷ್ಟೂ. ಉಸಿರಿಗೆ ಒದ್ದಾಡ್ತಾ ಇರೋಳ ಮುಂದೆ ನಿಂತು, ನಿಂಗಿಲ್ಲಮ್ಮ, ಆ ಓಡಾಡೋನಿಗೆ ಹೋಯ್ತು ಅಂತ ನೀನು ಹೇಳ್ತಿದ್ಯಾ? ನೆಲಮಾಳಿಗೇಲಿ ಕೂತು ಚೀಟಿ ಕತ್ತರಿಸೋದು ಸುಲಭ ಕಣೋ."

ನಾನು ಕಿರುಚಾಡಿದೆ. ಐವತ್ತು ದಾಟಿದವನು, ಕಾಯಿಲೆಯ ಅಕ್ಕನ ಮುಂದೆ ನಿಂತು, ಪಕ್ಕದ ಮನೆಯವರಿಗೆ ಕೇಳುವಂತೆ ಕಿರುಚಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾಯುವವರನ್ನೆಲ್ಲ ಒಂದೇ ಕಡೆ ರಾಶಿ ಹಾಕಿದರೆ ಆ ಕಡೆ ಹೆಣ ಹೆಚ್ಚಾಗದೆ ಇನ್ನೇನಾಗುತ್ತದೆ? ನಾನು ಎಣಿಸಿದ್ದು ಔಷಧಿಯ ಗುಣವನ್ನಲ್ಲ, ನನ್ನ ಅಕ್ಕನ ಕರುಣೆಯನ್ನು. ಕೊನೆಗೆ, "ಬೈದಾಯ್ತಾ? ನೀರು ಕುಡಿ," ಎಂದಳು.

ಮಾರನೆಯ ದಿನ ಬೀರು ತೆಗೆದು ನೂರ ಇಪ್ಪತ್ತು ಫಾರಂಗಳನ್ನೂ ಮೇಜಿನ ಮೇಲೆ ಹರವಿದೆ. ನನ್ನ ವಿದ್ಯೆಯಲ್ಲಿ ಇಂಥ ಕೆಡುಕಿಗೂ ಮದ್ದಿದೆ. ಯಾರಿಗೆ ಕಾಯಿಲೆ ಎಷ್ಟಿತ್ತು ಎಂದು ಗೊತ್ತಿದ್ದರೆ ಜೋರಿದ್ದವರನ್ನು ಜೋರಿದ್ದವರೊಂದಿಗೆ, ಸ್ವಲ್ಪ ಇದ್ದವರನ್ನು ಸ್ವಲ್ಪ ಇದ್ದವರೊಂದಿಗೆ ಹೋಲಿಸಿ ನೋಡಬಹುದು. ಅಷ್ಟು ಸಾಕು, ಸತ್ಯ ತಲೆ ಎತ್ತುತ್ತದೆ. ಫಾರಂನಲ್ಲಿ ವಯಸ್ಸಿತ್ತು, ತೂಕವಿತ್ತು, ಬೀದಿಯ ಹೆಸರಿತ್ತು. ಸೇರಿದ ದಿನವಿತ್ತು, ಆಸ್ಪತ್ರೆಗೆ ಮೊದಲು ಬಂದ ದಿನವೂ ಇತ್ತು. ಕೆಲವರು ಬಂದ ಗಂಟೆಯೊಳಗೆ ಸೇರಿದ್ದರು, ಕೆಲವರು ಎರಡು ಮೂರು ದಿನ ಅಲೆದಿದ್ದರು. ಆಗಲೂ ಇದು ನನ್ನ ಕಣ್ಣಿಗೆ ಬಿದ್ದಿತ್ತು. ಬೆಡ್ ಇರಲಿಲ್ಲ ಎಂದು ಅಕ್ಕ ಹೇಳಿದಾಗ ಹೌದೆಂದುಕೊಂಡಿದ್ದೆ. ದಿಂಬು ಮಾತ್ರ ಎಲ್ಲೂ ಇರಲಿಲ್ಲ. ಆ ಕಾಲಂ ಹೊಡೆದುಹಾಕಿದವನು ನಾನು. ಅವಳು ಲಕೋಟೆ ನೋಡಿದ್ದು ಕರುಣೆಯಿಂದ, ನಾನು ಕಾಲಂ ಕಿತ್ತದ್ದು ಜಂಬದಿಂದ. ಎರಡರಲ್ಲಿ ಒಂದು ತಪ್ಪು ಆಗದಿದ್ದರೂ ಅಕ್ಕನಿಗೆ ಇವತ್ತು ಒಂದು ಬಾಟಲಿ ಸಿಗುತ್ತಿತ್ತೋ ಏನೋ.

ಸಂಜೆ ಮನೆಗೆ ಹೋಗಿ ಅವಳ ಪಕ್ಕ ಕೂತೆ. "ಒಂದನೇ ನಂಬರ್ ಯಾರು, ನೆನಪಿದೆಯಾ?"

"ಟೈಲರ್. ಮೂರು ದಿಂಬು. ಮಗಳಿಗೆ ಹೊಲೀತಿದ್ದ ಲಂಗ ಮುಗೀಲಿಲ್ಲ ಅಂತ ಒಂದೇ ಸಮ ಹೇಳ್ತಿದ್ದ."

"ಎರಡು?"

"ಬಸ್ ಕಂಡಕ್ಟರ್. ಒಂದೇ ದಿಂಬು. ಅದನ್ನೂ ಪಕ್ಕದೋನಿಗೆ ಕೊಟ್ಟು ಹರಟೆ ಹೊಡೀತಿದ್ದ."

ಒಂಬತ್ತು ಸಂಜೆ ಕೂತೆವು. ಹೆಸರು ಓದಿದರೆ ಸಾಕು, ಅವಳಿಗೆ ಆ ಮನುಷ್ಯನ ಚಪ್ಪಲಿಯೂ ನೆನಪಿಗೆ ಬರುತ್ತಿತ್ತು. ನನಗೆ ಕ್ರಮಸಂಖ್ಯೆಯಾಗಿ ಮಾತ್ರ ಗೊತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಕೋಣೆ ತುಂಬಿಕೊಂಡರು. ನೂರ ಇಪ್ಪತ್ತೂ ಮುಗಿದ ಮೇಲೆ ಪಟ್ಟಿ ಮಾಡಿದೆ. ಒಂದು, ಎರಡು ದಿಂಬಿನವರಲ್ಲಿ ಔಷಧಿಯಿಂದ ಏನೂ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ಹತ್ತರಲ್ಲಿ ಒಬ್ಬರು ಸತ್ತಿದ್ದರು. ಮೂರು ದಿಂಬಿನವರಲ್ಲಿ ಔಷಧಿ ಸಿಗದ ಹತ್ತು ಜನರಲ್ಲಿ ಒಂಬತ್ತು ಜನ ಹೋಗಿದ್ದರು. ಔಷಧಿ ಸಿಕ್ಕವರು ನಲವತ್ತೊಂದು, ಹೋದವರು ಇಪ್ಪತ್ತೇಳು. ಹದಿನಾಲ್ಕು ಜನ ಎದ್ದು ನಡೆದುಕೊಂಡು ಮನೆಗೆ ಹೋಗಿದ್ದರು.

ಆ ಹಾಳೆ ಹಿಡಿದುಕೊಂಡು ನಾನು ಅತ್ತೆ. ಎದೆಯಲ್ಲಿ ಆಸೆ ಹುಟ್ಟಿತ್ತು, ಅದಕ್ಕೇ ಹೆದರಿ ಅತ್ತೆ.

ನನ್ನ ಕಸುಬಿನವನಿಗೆ ಆಸೆ ಹುಟ್ಟಿದಾಗ ಮಾಡಬೇಕಾದ ಒಂದು ಕೆಲಸವಿದೆ, ಅದನ್ನೂ ಮಾಡಿದೆ. ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು. ಒಂದು ವಾರ ಬಿಟ್ಟು, ನೂರ ಇಪ್ಪತ್ತರಲ್ಲಿ ಇಪ್ಪತ್ತು ಹೆಸರನ್ನು ಚೀಟಿ ಎತ್ತಿ ಆರಿಸಿ, ಮತ್ತೆ ಅಕ್ಕನನ್ನು ಕೇಳಿದೆ. ಹದಿನಾರು ಹಿಂದಿನಂತೆಯೇ ಬಂದವು. ನಾಲ್ಕು ಬದಲಾಗಿದ್ದವು. ಆ ನಾಲ್ವರೂ ಸತ್ತವರು, ನಾಲ್ವರಿಗೂ ಒಂದೊಂದು ದಿಂಬು ಜಾಸ್ತಿಯಾಗಿತ್ತು.

ಅವಳು ಸುಳ್ಳು ಹೇಳಿರಲಿಲ್ಲ. ಸತ್ತರೆಂದು ಗೊತ್ತಿರುವವರನ್ನು ನೆನೆಯುವಾಗ ಮನಸ್ಸು ತಾನಾಗಿಯೇ ಅವರ ಬೆನ್ನಿಗೆ ಇನ್ನೊಂದು ದಿಂಬು ಕೊಡುತ್ತದೆ.

ಆದರೂ ಹೋದೆ. ಸಮಿತಿಯ ಅಧ್ಯಕ್ಷೆ ನನಗೆ ಪಾಠ ಹೇಳಿದ ಮೇಡಂ. ನಿವೃತ್ತರಾಗಿ ವರ್ಷಗಳಾದರೂ ವಾರಕ್ಕೆರಡು ದಿನ ಬಂದು ಕೂರುತ್ತಾರೆ. ಲಕೋಟೆಯ ವಿಷಯ, ಕಪ್ಪು ಕಾಗದದ ವಿಷಯ, ದಿಂಬಿನ ವಿಷಯ, ಒಂದನ್ನೂ ಮುಚ್ಚಿಡದೆ ಹೇಳಿದೆ. ಪಟ್ಟಿ ಕೊಟ್ಟೆ. ಬದಲಾದ ನಾಲ್ಕನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅವರು ಕನ್ನಡಕ ಮೇಲೇರಿಸಿ ತುಂಬ ಹೊತ್ತು ಓದಿದರು.

"ಔಷಧಿ ಕೆಟ್ಟದ್ದು ಅನ್ನೋ ನಮ್ಮ ಮಾತನ್ನ ವಾಪಸ್ ತಗೋಬೇಕು. ತಗೊಳ್ಳೋಣ," ಎಂದರು. "ಒಳ್ಳೇದು ಅಂತ ಹೇಳೋಕೆ ನಿನ್ನ ಹತ್ರ ಏನಿದೆ?"

"ಇದೇ ಮೇಡಂ. ಈ ಪಟ್ಟಿ."

"ಆರಿಸಿದೋಳೇ, ಫಲ ಗೊತ್ತಾದ ಮೇಲೆ, ನೆನಪಿನಿಂದ ಹೇಳಿದ್ದು. ಈಗ ಅವಳಿಗೇ ಔಷಧಿ ಬೇಕು. ಬರ್ಕೊಂಡೋನು ಅವಳ ತಮ್ಮ. ಬೇರೆ ಯಾರಾದ್ರೂ ಈ ಹಾಳೆ ತಂದಿದ್ರೆ ನೀನು ಸಹಿ ಹಾಕ್ತಿದ್ಯಾ?"

ಸುಳ್ಳು ಹೇಳೋಣ ಅನ್ನಿಸಿತು. "ಇಲ್ಲ ಮೇಡಂ," ಎಂದೆ.

"ಹೊಸ ಪ್ರಯೋಗ ಮಾಡ್ಬೇಕು. ತಯಾರಿಸೋರು ಒಪ್ಪಬೇಕು. ಒಪ್ಪಿದ್ರೂ ಮೂರು ವರ್ಷ." ಅವರು ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಅಕ್ಕಂಗೆ ಎಷ್ಟು ದಿಂಬು ಈಗ?"

"ಎರಡು."

ತಯಾರಿಸುವವರಿಗೆ ಬರೆದೆ. ಆ ಔಷಧಿ ಮಾಡುತ್ತಿದ್ದ ಯಂತ್ರಗಳಲ್ಲಿ ಈಗ ಬೇರೇನೋ ಮಾಡುತ್ತಿದ್ದೇವೆ, ನಿಮ್ಮ ವರದಿಗಾಗಿ ನಾವು ಇಂದಿಗೂ ಕೃತಜ್ಞರು ಎಂದು ಉತ್ತರ ಬಂತು.

ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಕ್ಕನಿಗೆ ಹೇಳಬೇಕಾಗಿಯೇ ಬರಲಿಲ್ಲ. ನನ್ನ ಮುಖ ನೋಡಿ, "ಹೋಗ್ಲಿ ಬಿಡು. ಆ ಹದಿನಾಲ್ಕು ಜನ ಮನೆಗೆ ಹೋಗಿದ್ದು ನಿಜ ತಾನೆ?" ಎಂದಳು. ಅವರು ಔಷಧಿಯಿಂದಲೇ ಹೋದರೆಂದು ನಾನು ಹೇಳಲಾರೆ. ಹೇಳಲಾರೆನೆಂಬುದನ್ನೂ ಅವಳಿಗೆ ಹೇಳಲಾರದೆ, "ನಿಜ ಅಕ್ಕ," ಎಂದೆ. ನಲವತ್ತು ವರ್ಷ ಅನ್ನ ಹಾಕಿದವಳಿಗೆ ನಾನು ಕೊಡಬಹುದಾದದ್ದು ಅದೊಂದು ಮಾತು, ಅದರಲ್ಲೂ ಅರ್ಧ ಸುಳ್ಳು.

ಎರಡು ಮೂರಾಯಿತು. ನನ್ನ ಹೆಂಡತಿ ಹಳೆಯ ಸೀರೆ ಮಡಚಿ ಮೂರನೆಯ ದಿಂಬು ಹೊಲಿದಳು. ನಾನು ದಿನಾ ಬೆಳಗ್ಗೆ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ದಿಂಬಿನ ಸಂಖ್ಯೆ ಬರೆಯತೊಡಗಿದೆ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಒಂದು ಬೆಳಗ್ಗೆ ಅವಳು ಕೇಳಿದಳು, "ಮಿಕ್ಕಿದ್ದ ಲಕೋಟೆ ಇದ್ವಲ್ಲ, ಇದಾವಾ?"

ಇದ್ದವು. ನೂರ ಇಪ್ಪತ್ತಕ್ಕೇ ನಿಲ್ಲಿಸಿದ್ದರಿಂದ ನಲವತ್ತು ಲಕೋಟೆ ಪೆಟ್ಟಿಗೆಯಲ್ಲೇ ಉಳಿದಿದ್ದವು.

"ಮುಂದಿಂದು ತಗೊಂಡ್ ಬಾ. ಈ ಸಲ ಸರಿಯಾಗಿ ಮಾಡೋಣ, ನಿನ್ನ ನಿಯಮದ ಪ್ರಕಾರ. ನನ್ನ ಹೆಸರು ಬರೆದು ಆಮೇಲೆ ಒಡಿ. ನಂಗೆ ಏನ್ ಬರ್ತಿತ್ತು ನೋಡ್ಬೇಕು."

ಸಾಯುವವಳ ತಮಾಷೆ ಎಂದುಕೊಂಡು ಮಧ್ಯಾಹ್ನ ತಂದೆ. ನೂರ ಇಪ್ಪತ್ತೊಂದು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಮೂಲ ಪಟ್ಟಿ ನೋಡಿಕೊಂಡೇ ಬಂದಿದ್ದೆ. ಅಷ್ಟು ಹೊತ್ತಿಗೆ ಅವಳ ಉಸಿರು ಮೇಲುಸಿರಾಗಿತ್ತು. ತುಟಿ ನೀಲಿಗಟ್ಟಿತ್ತು. ನನ್ನ ಹೆಂಡತಿ ತನ್ನ ದಿಂಬನ್ನೂ ತಂದು ಅವಳ ಬೆನ್ನಿಗೆ ಕೊಟ್ಟಿದ್ದಳು.

ನಾನು ಹೆಸರು ಬರೆಯಲು ಪೆನ್ನು ತೆಗೆಯುವಷ್ಟರಲ್ಲಿ ಅವಳು ಕೈ ಚಾಚಿ ಲಕೋಟೆಯನ್ನು ತೆಗೆದುಕೊಂಡಳು. ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನಾನು ತಡೆಯಲಿಲ್ಲ. ಬಿಸಿಲಿನಲ್ಲಿ ನನ್ನದೇ ಕೈಬರಹ ನನಗೂ ಕಂಡಿತು. ಔಷಧಿ.

ಅವಳೂ ಓದಿದಳು. ಆಮೇಲೆ ಲಕೋಟೆಯನ್ನು ಒಡೆಯದೆ, ಹೆಸರು ಬರೆಯಲು ಬಿಡದೆ, ನನ್ನ ಕೈಗೇ ವಾಪಸ್ ಇಟ್ಟಳು.

"ನಂಗೆ ಬೇಡ," ಎಂದಳು, ಪದ ಪದಕ್ಕೂ ಉಸಿರೆಳೆದುಕೊಳ್ಳುತ್ತ. "ಎತ್ತಿಡು. ಯಾರಾದ್ರೂ ಮೂರು ದಿಂಬಿನೋರು ಬರ್ತಾರೆ."

ಆಗ ಅವಳ ಬೆನ್ನ ಹಿಂದೆ ನಾಲ್ಕು ದಿಂಬುಗಳಿದ್ದವು.